ಒಂದು ಜೀನ್ ಆರಿಸಿದೆ, ಪಕ್ಕದ್ದೂ ಆರಿತು: ದ್ವಿಮುಖಿ ಪ್ರಮೋಟರ್ ಗೊತ್ತಿರುವವರು ಸ್ವಲ್ಪ ಹೇಳಿ

ಪಿಪೆಟ್_ಹುಡುಗಿ, ದಾವಣಗೆರೆ
ಭಾನುವಾರ ರಾತ್ರಿ 9:40

ಯುಗಾದಿಗೆ ಊರಿಗೆ ಬಂದಿದ್ದೇನೆ. ಹೋಳಿಗೆ ತಿಂದು ಸುಮ್ನೆ ಮಲಗಬೇಕಿತ್ತು. ನಿದ್ದೆ ಬರುತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮನುಷ್ಯರ ಜೀವಕೋಶ ಬೆಳೆಸಿ, ಅದರಲ್ಲಿ ಒಂದು ಜೀನನ್ನು ದೀಪದ ಹಾಗೆ ಆರಿಸಿ, ಅಂದರೆ ಅದರ ಕೆಲಸ ನಿಲ್ಲಿಸಿ, ಏನಾಗುತ್ತದೆ ಅಂತ ನೋಡುವುದು ಕೆಲಸ. ಜೀನಿನ ಹೆಸರು ಈಗಲೇ ಹೇಳುವಂತಿಲ್ಲ. ಎ ಅಂದುಕೊಳ್ಳಿ. ಆರಿಸಲು ಬಳಸಿದ್ದು ಕ್ರಿಸ್ಪರ್, ಅಂದರೆ ಡಿಎನ್‌ಎಯಲ್ಲಿ ಬೇಕಾದ ಜಾಗ ಹುಡುಕಿ ಕತ್ತರಿಸುವ ಸಾಧನ. ಆದರೆ ಕತ್ತರಿಸುವ ಕ್ರಿಸ್ಪರ್ ಅಲ್ಲ, ಹಲ್ಲು ಕಿತ್ತ ಕ್ರಿಸ್ಪರ್. ಅದು ಜೀನಿನ ಬಾಗಿಲಲ್ಲಿ ಹೋಗಿ ಕೂರುತ್ತದೆ. ಅದರ ಬೆನ್ನಿಗೆ ಅಂಟಿಸಿದ ಇನ್ನೊಂದು ಪ್ರೋಟೀನ್ ಸುತ್ತಲಿನ ಡಿಎನ್‌ಎಯನ್ನೇ ಮುಚ್ಚಿಸಿಬಿಡುತ್ತದೆ.

ಎ ಆರಿತು. ಜೀವಕೋಶ ಬೆಳೆಯುವುದು ನಿಂತಿತು. ಖುಷಿಯೋ ಖುಷಿ. ಎಂಟು ತಿಂಗಳು ಅದರ ಹಿಂದೆಯೇ ಬಿದ್ದೆ.

ಹೋದ ವಾರ ಎಲ್ಲ ಜೀನ್‌ಗಳ ಆರ್‌ಎನ್‌ಎ ಎಣಿಕೆ ಬಂತು, ಅಂದರೆ ಯಾವ ಜೀನಿನಿಂದ ಎಷ್ಟು ನಕಲು ಹೊರಟಿದೆ ಅನ್ನುವ ಲೆಕ್ಕ. ಎ ಕೆಳಗಿದೆ, ಸರಿ. ಪಕ್ಕದ ಬಿ ಕೂಡ ಹೆಚ್ಚುಕಡಿಮೆ ಅಷ್ಟೇ ಕೆಳಗಿದೆ! ನಕ್ಷೆ ತೆಗೆದು ನೋಡಿದರೆ ಎರಡರ ಶುರುವಿನ ನಡುವೆ ಡಿಎನ್‌ಎಯ 300 ಅಕ್ಷರವೂ ಇಲ್ಲ. ಎ ಬಲಕ್ಕೆ ಓಡುತ್ತದೆ, ಬಿ ಎಡಕ್ಕೆ. ಇದಕ್ಕೆ ದ್ವಿಮುಖಿ ಪ್ರಮೋಟರ್ ಅನ್ನುತ್ತಾರೆ ಅಂತ ಗೊತ್ತು. ಎಂ.ಎಸ್ಸಿಯಲ್ಲಿ ಒಂದು ಪ್ಯಾರಾ ಓದಿ ಪುಟ ತಿರುಗಿಸಿದ್ದೆ.

ಇದು ಎಷ್ಟು ಅಪರೂಪ? ಇಂಥ ಜೋಡಿ ಯಾವಾಗಲೂ ಒಟ್ಟಿಗೇ ನಡೆಯುತ್ತವಾ? ನನ್ನ ಎಂಟು ತಿಂಗಳು ಉಳಿಯುತ್ತದಾ?

---

ಕೋಟೆ_ಕೋತಿ, ಚಿತ್ರದುರ್ಗ
9:52

ಪ್ರಮೋಟರ್ ಅಂದರೆ ನಮ್ಮ ಕಡೆ ಸೈಟ್ ಮಾರುವವರು. ಒಂದೇ ಸೈಟನ್ನು ಇಬ್ಬರಿಗೆ ಮಾರಿದ್ದಾರೆ ಅಂತಾಯಿತು. ದೂರು ಕೊಡಿ ಅಕ್ಕ.

ತಮಾಷೆ ಬಿಡಿ. ನಾನು ಓದಿದ್ದು ಬಿ.ಕಾಂ. ಮೊದಲಿಂದ ಹೇಳಿದರೆ ನಾನೂ ಕೂತು ಕೇಳುತ್ತೇನೆ.

---

ಸೀಮೆಸುಣ್ಣ, ಚಿತ್ರದುರ್ಗ
10:15

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೊದಲಿಂದ ಹೇಳುವ ಕೆಲಸ ನನಗಿರಲಿ.

ಡಿಎನ್‌ಎ ಎರಡು ಎಳೆಯ ಹಗ್ಗ, ಅದರ ಉದ್ದಕ್ಕೂ ಎ, ಟಿ, ಜಿ, ಸಿ ಅನ್ನುವ ನಾಲ್ಕು ಬಗೆಯ ಅಕ್ಷರಗಳ ಸಾಲು. ಒಂದು ಎಳೆಯನ್ನು ಎಡದಿಂದ ಬಲಕ್ಕೆ ಓದಬೇಕು, ಇನ್ನೊಂದನ್ನು ಬಲದಿಂದ ಎಡಕ್ಕೆ. ಜೀನ್ ಅಂದರೆ ಆ ಹಗ್ಗದಲ್ಲಿ ನಕಲು ತೆಗೆಯುವ ಒಂದು ಭಾಗ. ನಕಲು ತೆಗೆಯುವ ಕಿಣ್ವದ ಹೆಸರು ಆರ್‌ಎನ್‌ಎ ಪಾಲಿಮರೇಸ್. ಅದು ಎಲ್ಲಿ ಹತ್ತಬೇಕು, ಯಾವ ಕಡೆ ಮುಖ ಮಾಡಬೇಕು, ಎಷ್ಟು ಸಲ ಹತ್ತಬೇಕು ಅಂತ ಹೇಳುವ ಜಾಗವೇ ಪ್ರಮೋಟರ್. ಪಠ್ಯಪುಸ್ತಕದಲ್ಲಿ ಪ್ರವರ್ತಕ ಅಂತ ಬರೆಯುತ್ತಾರೆ. ಕ್ಲಾಸಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ನಾನೂ ಸೇರಿ.

ಎರಡು ಜೀನ್ ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ ಅಂದುಕೊಳ್ಳಿ. ಒಂದು ಈ ಎಳೆಯಲ್ಲಿ, ಒಂದು ಆ ಎಳೆಯಲ್ಲಿ. ಎರಡರ ಶುರುವಿನ ನಡುವಿನ ಅಂತರ 1000 ಅಕ್ಷರಕ್ಕಿಂತ ಕಡಿಮೆ ಇದ್ದರೆ, ನಡುವಿನ ತುಂಡಿಗೆ ದ್ವಿಮುಖಿ ಪ್ರಮೋಟರ್ ಅನ್ನುವುದು ರೂಢಿ.

ಅಪರೂಪವಾ ಅಂತ ಕೇಳಿದ್ದೀರಿ. ಅಲ್ಲ. ಒಂದು ಲೆಕ್ಕ ಹಾಕಿ. ನಮ್ಮ ಜೀನೋಮ್ ಸುಮಾರು 300 ಕೋಟಿ ಅಕ್ಷರ. ಪ್ರೋಟೀನ್ ಮಾಡುವ ಜೀನ್ ಸುಮಾರು 20,000. ಅಂದರೆ ಸರಾಸರಿ ಒಂದೂವರೆ ಲಕ್ಷ ಅಕ್ಷರಕ್ಕೆ ಒಂದು ಜೀನ್. ಇಷ್ಟು ಬಯಲು ಜಾಗ ಇರುವಾಗ ಎರಡು ಮನೆ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ್ದು ಕಂಡರೆ, ಸುಮ್ನೆ ಆಗಿದ್ದಲ್ಲ ಅನ್ನಿಸುತ್ತದೆ ಅಲ್ವಾ? 2004ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಮೈಯರ್ಸ್ ತಂಡ ಎಣಿಸಿ ನೋಡಿತು. ಮನುಷ್ಯರ ಜೀನ್‌ಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಹೀಗೇ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ನಡುವಿನ ತುಂಡನ್ನು ಬೇರೆ ತೆಗೆದು ಎರಡೂ ಕಡೆ ತಿರುಗಿಸಿ ಪರೀಕ್ಷೆ ಮಾಡಿದರು. ಬಹುಪಾಲು ತುಂಡುಗಳು ಎರಡೂ ದಿಕ್ಕಿಗೆ ನಕಲು ಶುರು ಮಾಡಿದವು.

ಹುಡುಗರಿಗೆ ನಾನು ಭದ್ರಾ ಉದಾಹರಣೆ ಕೊಡುತ್ತೇನೆ. ಡ್ಯಾಮ್ ಒಂದೇ, ಬಲದಂಡೆ ನಾಲೆ ಒಂದು ಕಡೆ, ಎಡದಂಡೆ ನಾಲೆ ಇನ್ನೊಂದು ಕಡೆ.

---

ಕೊನೆಭಾಗದ_ರೈತ, ದಾವಣಗೆರೆ ಜಿಲ್ಲೆ
10:41

ಮೇಷ್ಟ್ರೇ, ನಾಲೆ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾವು ಬಲದಂಡೆ ನಾಲೆಯ ಕೊನೆಯವರು. ಪೇಪರಿನಲ್ಲಿ ನೀರು ಬಿಟ್ಟಿರುತ್ತಾರೆ, ಗದ್ದೆಯಲ್ಲಿ ಇರುವುದಿಲ್ಲ.

ನಿಮ್ಮ ಉದಾಹರಣೆ ಸರಿ ಕೂರುವುದಿಲ್ಲ. ತೂಬು ಹಂಚಿಕೊಂಡರೆ ನೀರೂ ಹಂಚಿಕೊಳ್ಳಬೇಕು. ಮೇಲಿನವನು ಜಾಸ್ತಿ ಎಳೆದರೆ ಕೆಳಗಿನವನಿಗೆ ಕಡಿಮೆ. ಒಬ್ಬನ ತೂಬು ಮುಚ್ಚಿದರೆ ಇನ್ನೊಬ್ಬನಿಗೆ ಜಾಸ್ತಿ ಬರಬೇಕು. ಈ ಹುಡುಗಿ ಹೇಳಿದ್ದು ಏನು? ಒಂದನ್ನು ಮುಚ್ಚಿದೆ, ಎರಡೂ ಒಣಗಿದವು ಅಂತ. ಹಾಗಾದರೆ ಅವಳು ಮುಚ್ಚಿದ್ದು ತೂಬು ಅಲ್ಲ. ಡ್ಯಾಮಿನ ಗೇಟು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತಪ್ಪಿದ್ದರೆ ಹೇಳಿ.

---

ಯೀಸ್ಟ್_ಅಣ್ಣ, ಹರಿಹರ
11:08

ಯಜಮಾನ್ರೇ, ತಪ್ಪಿಲ್ಲ. ಈ ಚರ್ಚೆಯಲ್ಲಿ ಇಲ್ಲಿವರೆಗಿನ ಒಳ್ಳೆಯ ಮಾತು ನಿಮ್ಮದೇ. ನನ್ನ ಕೆಲಸ ಬ್ರೆಡ್ ಉಬ್ಬಿಸುವ ಯೀಸ್ಟ್ ಮೇಲೆ, ಆದ್ದರಿಂದ ಕೈ ತುರಿಸುತ್ತಿದೆ. ಸ್ವಲ್ಪ ಉದ್ದ ಆಗುತ್ತದೆ.

ದ್ವಿಮುಖಿ ಪ್ರಮೋಟರ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಕೇಳಿದವರ ತಲೆಯಲ್ಲಿ ಎರಡು ಮೂತಿಯ ಒಂದು ಬಂದೂಕಿನ ಚಿತ್ರ ಬರುತ್ತದೆ. ಹಾಗಿಲ್ಲ. ಹತ್ತಿರದಿಂದ ನೋಡಿದರೆ ನಡುವಿನ ಜಾಗದಲ್ಲಿ ಪಾಲಿಮರೇಸ್ ಹತ್ತುವ ಮೆಟ್ಟಿಲು ಎರಡು ಇವೆ. ಎಡಕ್ಕೆ ಮುಖ ಮಾಡಿದ್ದು ಒಂದು, ಬಲಕ್ಕೆ ಒಂದು. ಒಂದು ಯಂತ್ರ ಎರಡು ಕಡೆ ಓಡುವುದಲ್ಲ. ಎರಡು ಯಂತ್ರ, ಎರಡು ಮೆಟ್ಟಿಲು. ಎರಡಕ್ಕೂ ಸಮ ಇರುವುದು ಅಂಗಳ.

ಅಂಗಳ ಅಂದರೆ ಏನು? ಜೀವಕೋಶದಲ್ಲಿ ಡಿಎನ್‌ಎ ಬರೀ ಮೈಯಲ್ಲಿ ಇರುವುದಿಲ್ಲ. ಹಿಸ್ಟೋನ್ ಅನ್ನುವ ಪ್ರೋಟೀನಿನ ಉಂಡೆಗೆ ಸುತ್ತಿಕೊಂಡಿರುತ್ತದೆ. ಒಂದು ಉಂಡೆಗೆ ಸುಮಾರು 147 ಅಕ್ಷರ. ಇದಕ್ಕೆ ನ್ಯೂಕ್ಲಿಯೋಸೋಮ್ ಅನ್ನುತ್ತಾರೆ. ಸುತ್ತಿದ ಜಾಗಕ್ಕೆ ಪಾಲಿಮರೇಸ್ ಹತ್ತುವುದು ಕಷ್ಟ. ಚಾಲೂ ಇರುವ ಪ್ರಮೋಟರ್‌ನಲ್ಲಿ ಈ ಉಂಡೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ತೆರವು ಮಾಡಿರುತ್ತಾರೆ. ಬೆನ್ನಿಗೆ ಬೆನ್ನು ಹಚ್ಚಿದ ಜೋಡಿಯಲ್ಲಿ ಆ ತೆರವು ಜಾಗ ಒಂದೇ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಅಣ್ಣ ತಮ್ಮ ಇಬ್ಬರದು ಒಂದೇ ಮಳಿಗೆ. ಮೂಲೆ ಅಂಗಡಿ, ಒಂದೇ ಶಟರ್. ಅಣ್ಣ ಈ ರಸ್ತೆ ಕಡೆ ಕೂತು ಬೆಣ್ಣೆ ದೋಸೆ ಹಾಕುತ್ತಾನೆ. ತಮ್ಮ ಆ ರಸ್ತೆ ಕಡೆ ಮಂಡಕ್ಕಿ ಮೆಣಸಿನಕಾಯಿ ಮಾರುತ್ತಾನೆ. ಶಟರ್ ಎತ್ತಿದರೆ ಇಬ್ಬರ ವ್ಯಾಪಾರವೂ ಶುರು. ಎಳೆದರೆ ಇಬ್ಬರದೂ ಬಂದ್. ಆದರೆ ಶಟರ್ ಎತ್ತಿದ ಮೇಲೆ ಯಾರಿಗೆ ಎಷ್ಟು ವ್ಯಾಪಾರ ಅನ್ನುವುದು ಅವರವರ ಕಾವಲಿಗೆ, ಅವರವರ ಒಲೆಗೆ ಬಿಟ್ಟಿದ್ದು.

ತಂಗಿ, ನೀನು ಅಣ್ಣನ ದೋಸೆ ನಿಲ್ಲಿಸಲು ಹೋಗಿ ಶಟರ್ ಎಳೆದಿದ್ದೀಯ.

ನಿಜವಾದ ಉದಾಹರಣೆ ಬೇಕಾದರೆ ಯೀಸ್ಟಿನ ಗ್ಯಾಲ್1, ಗ್ಯಾಲ್10 ಜೋಡಿ ನೋಡಿ. ಗ್ಯಾಲಕ್ಟೋಸ್ ಸಕ್ಕರೆ ಅರಗಿಸಲು ಎರಡೂ ಬೇಕು. ಬೆನ್ನಿಗೆ ಬೆನ್ನು, ನಡುವೆ 700 ಅಕ್ಷರದ ಒಳಗೆ. ಆ ಜಾಗದಲ್ಲಿ ಗ್ಯಾಲ್4 ಅನ್ನುವ ಪ್ರೋಟೀನ್ ಕೂರಲು ನಾಲ್ಕು ಪೀಠ. ಗ್ಯಾಲ್4 ಅಲ್ಲೇ ಇದ್ದರೂ, ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್80 ಅದರ ಬಾಯಿ ಮುಚ್ಚಿ ಹಿಡಿದಿರುತ್ತದೆ. ಸಕ್ಕರೆ ಬಂದರೆ ಗ್ಯಾಲ್3 ಆ ಕೈ ಬಿಡಿಸುತ್ತದೆ. ಎರಡೂ ಜೀನ್ ಭರ್ರನೆ ಏಳುತ್ತವೆ. ಅದೇ ಗ್ಲೂಕೋಸ್ ಕೊಟ್ಟರೆ ಎರಡೂ ಮಲಗುತ್ತವೆ. ಸುಲಭದ ಸಕ್ಕರೆ ಕೈಯಲ್ಲಿರುವಾಗ ಕಷ್ಟದ್ದಕ್ಕೆ ಯಾಕೆ ಒಲೆ ಹಚ್ಚಬೇಕು? ಪ್ರಪಂಚದ ಯೀಸ್ಟ್ ಲ್ಯಾಬುಗಳಲ್ಲಿ ಈ ತುಂಡನ್ನು ಸ್ವಿಚ್ಚಿನ ಹಾಗೆ ಬಳಸುತ್ತಾರೆ. ಎರಡು ಜೀನ್ ಒಟ್ಟಿಗೆ ಹಚ್ಚಬೇಕಾದರೆ ಎರಡೂ ತುದಿಗೆ ಒಂದೊಂದು ಜೋಡಿಸಿಬಿಡುತ್ತಾರೆ.

---

ಕೋಟೆ_ಕೋತಿ, ಚಿತ್ರದುರ್ಗ
11:20

ಈಗ ಅರ್ಥವಾಯಿತು, ಹಸಿವೂ ಆಯಿತು.

ಒಂದು ಡೌಟು. ನಮ್ಮ ಓಬವ್ವನ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ನುಗ್ಗಬಹುದು. 300 ಅಕ್ಷರದ ಜಾಗದಲ್ಲಿ ಎರಡು ಯಂತ್ರ ಡಿಕ್ಕಿ ಹೊಡೆಯುವುದಿಲ್ಲವಾ?

---

ಯೀಸ್ಟ್_ಅಣ್ಣ, ಹರಿಹರ
11:31

ಬೆನ್ನಿಗೆ ಬೆನ್ನು ಇದ್ದರೆ ಒಬ್ಬರಿಂದ ಒಬ್ಬರು ದೂರ ಓಡುತ್ತಾರೆ. ಡಿಕ್ಕಿ ಭಯ ಇರುವುದು ಎದುರುಬದುರು ಬರುವ ಜೀನ್‌ಗಳಲ್ಲಿ, ಅಂದರೆ ಬಾಲಕ್ಕೆ ಬಾಲ ಸೇರುವ ಕಡೆ. ಹತ್ತುವ ಜಾಗ ತೀರಾ ಇಕ್ಕಟ್ಟಾದರೆ ತಳ್ಳಾಟ ಆಗಬಹುದು. ಹತ್ತಿ ಹೊರಟ ಮೇಲೆ ಒಬ್ಬರಿಗೊಬ್ಬರು ಉಪಕಾರವೇ ಮಾಡುತ್ತಾರೆ. ಅದನ್ನು ವಿವರಿಸಲು ಹಗ್ಗದ ಹುರಿ ಬಗ್ಗೆ ಹೇಳಬೇಕು. ನಾಳೆ ಬರೆಯುತ್ತೇನೆ, ನಿದ್ದೆ ಬಂತು.

---

ಗಿರಣಿ_ಮಗ, ದಾವಣಗೆರೆ
ಸೋಮವಾರ ಬೆಳಿಗ್ಗೆ 6:55

ಹುರಿ ಅಂದಿರಲ್ಲ, ಅದು ನಮ್ಮ ಮನೆ ವಿಷಯ. ಅಪ್ಪ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಕಡೆ ಇದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಆ ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಅದು ಬೇರೆ ಕತೆ.

ಎರಡೆಳೆ ಹುರಿ ಹಾಕಿದ ದಾರ ತೆಗೆದುಕೊಳ್ಳಿ. ಎರಡೂ ತುದಿ ಗಟ್ಟಿ ಕಟ್ಟಿ. ನಡುವೆ ಒಂದು ಪೆನ್ಸಿಲ್ ತೂರಿಸಿ ಎಳೆ ಬಿಡಿಸಿ ಮುಂದಕ್ಕೆ ತಳ್ಳಿ. ಪೆನ್ಸಿಲ್ ಮುಂದೆ ಹುರಿ ಬಿಗಿಯುತ್ತದೆ, ಗಂಟು ಗಂಟಾಗುತ್ತದೆ. ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಇದಕ್ಕೇ ಬೈಸಿಕೊಂಡಿದ್ದೇನೆ. ಡಿಎನ್‌ಎಯಲ್ಲೂ ಹೀಗೇನಾ?

---

ಯೀಸ್ಟ್_ಅಣ್ಣ, ಹರಿಹರ
8:10

ನೂರಕ್ಕೆ ನೂರು. 1987ರಲ್ಲಿ ಲಿಯು ಮತ್ತು ವಾಂಗ್ ಅನ್ನುವ ಇಬ್ಬರು ಇದನ್ನೇ ಹೇಳಿದರು. ಪಾಲಿಮರೇಸ್ ಓಡುವಾಗ ಮುಂದಿನ ಹುರಿ ಬಿಗಿಯಾಗುತ್ತದೆ, ಹಿಂದಿನ ಹುರಿ ಸಡಿಲವಾಗುತ್ತದೆ. ನಿಮ್ಮ ಪೆನ್ಸಿಲ್ ಆಟದಲ್ಲಿ ಹಿಂದಿನ ಸಡಿಲ ಅಷ್ಟು ಕಾಣುವುದಿಲ್ಲ, ಯಾಕೆಂದರೆ ಪೆನ್ಸಿಲ್ ಹೋದ ದಾರಿಯಲ್ಲಿ ಎಳೆ ಬಿಡಿಯಾಗಿಯೇ ಉಳಿಯುತ್ತವೆ. ಡಿಎನ್‌ಎಯಲ್ಲಿ ಯಂತ್ರ ದಾಟಿದ ಕೂಡಲೇ ಎಳೆ ಮತ್ತೆ ಕೂಡಿಕೊಳ್ಳುತ್ತವೆ, ಆದರೆ ಹುರಿ ಸಡಿಲ ಇರುತ್ತದೆ.

ಈಗ ಬೆನ್ನಿಗೆ ಬೆನ್ನು ಇರುವ ಜೋಡಿ ಯೋಚಿಸಿ. ಎ ಯಂತ್ರದ ಹಿಂದೆ ಏನಿದೆ? ನಡುವಿನ ಅಂಗಳ. ಬಿ ಯಂತ್ರದ ಹಿಂದೆ? ಅದೇ ಅಂಗಳ. ಇಬ್ಬರೂ ಓಡುತ್ತಾ ಅಂಗಳದ ಹುರಿ ಸಡಿಲಿಸುತ್ತಾರೆ. ಸಡಿಲ ಹುರಿಯಲ್ಲಿ ಎಳೆ ಬಿಡಿಸುವುದು ಸುಲಭ, ಮುಂದಿನ ಯಂತ್ರ ಹತ್ತುವುದೂ ಸುಲಭ. ಜೋಡಿ ಒಟ್ಟಿಗೆ ಏಳಲು ಇದೂ ಒಂದು ಕಾರಣ. ಬಿಗಿದ ಹುರಿ ಬಿಡಿಸಲು ಟೋಪೋಐಸೋಮರೇಸ್ ಅನ್ನುವ ಕಿಣ್ವಗಳಿವೆ. ಅವು ಇಲ್ಲದಿದ್ದರೆ ನಿಮ್ಮ ಅಪ್ಪನ ದಾರದ ಹಾಗೆ ಎಲ್ಲ ಗಂಟು.

---

ಸ್ಲೈಡ್_ಡಾಕ್ಟರ್, ದಾವಣಗೆರೆ
12:30

ಊಟದ ಬಿಡುವಿನಲ್ಲಿ ಓದಿದೆ. ನಾನು ಪೆಥಾಲಜಿಯವಳು. ನೀವೆಲ್ಲ ಇದನ್ನು ಯೀಸ್ಟಿನ ಆಟ ಅಂದುಕೊಳ್ಳಬಾರದು ಅಂತ ಎರಡು ಮಾತು.

ಡಿಎನ್‌ಎ ರಿಪೇರಿ ಮಾಡುವ ಜೀನ್‌ಗಳಲ್ಲಿ ಈ ಬೆನ್ನಿಗೆ ಬೆನ್ನು ಜೋಡಣೆ ಜಾಸ್ತಿ. ಸ್ತನ ಕ್ಯಾನ್ಸರ್ ವಿಷಯದಲ್ಲಿ ಹೆಸರು ಕೇಳಿರುವ ಬಿಆರ್‌ಸಿಎ1 ಬೆನ್ನಿಗೆ ಎನ್‌ಬಿಆರ್2 ಇದೆ, ನಡುವೆ ಬರೀ 200 ಅಕ್ಷರದ ಆಸುಪಾಸು. ಕರುಳಿನ ಕ್ಯಾನ್ಸರ್‌ನಲ್ಲಿ ನಾವು ದಿನಾ ನೋಡುವ ಎಂಎಲ್‌ಎಚ್1 ಬೆನ್ನಿಗೂ ಒಬ್ಬ ನೆಂಟ ಇದ್ದಾನೆ, ಇಪಿಎಂ2ಎಐಪಿ1.

ಇಂಥ ಅಂಗಳಗಳಲ್ಲಿ ಸಿ ಮತ್ತು ಜಿ ಅಕ್ಷರ ಕಿಕ್ಕಿರಿದಿರುತ್ತವೆ. ಟಾಟಾ ಅನ್ನುವ ಗುರುತು ಕಡಿಮೆ. ಈ ಟಾಟಾಗೂ ಲಾರಿ ಕಂಪನಿಗೂ ಸಂಬಂಧ ಇಲ್ಲ, ಟಿಎಟಿಎ ಅನ್ನುವ ಅಕ್ಷರ ಸಾಲು ಅಷ್ಟೇ. ಸಿ ಪಕ್ಕ ಜಿ ಬಂದಲ್ಲಿ ಆ ಸಿ ಮೇಲೆ ಮಿಥೈಲ್ ಅನ್ನುವ ಸಣ್ಣ ಮೊಳೆ ಹೊಡೆಯಬಹುದು. ಆರೋಗ್ಯವಾಗಿರುವ ಅಂಗಳದಲ್ಲಿ ಈ ಮೊಳೆ ಇರುವುದಿಲ್ಲ. ಕೆಲವು ಗಡ್ಡೆಗಳಲ್ಲಿ ಅಂಗಳದ ತುಂಬ ಮೊಳೆ. ಯೀಸ್ಟ್ ಅಣ್ಣನ ಮಾತಿನಲ್ಲಿ ಹೇಳುವುದಾದರೆ ಶಟರ್‌ಗೆ ವೆಲ್ಡಿಂಗ್ ಮಾಡಿದ ಹಾಗೆ. ಎಂಎಲ್‌ಎಚ್1 ಬಂದ್, ಜೊತೆಗೆ ಪಕ್ಕದ್ದೂ ಬಂದ್. ಎಂಎಲ್‌ಎಚ್1 ಹೋದರೆ ಜೀವಕೋಶ ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡುವಾಗ ಆಗುವ ತಪ್ಪು ತಿದ್ದುವವರಿಲ್ಲ.

ಇದು ರಿಪೋರ್ಟ್ ಬರೆಯುವಾಗ ಬಹಳ ಮುಖ್ಯ. ಗಡ್ಡೆಯಲ್ಲಿ ಎಂಎಲ್‌ಎಚ್1 ಪ್ರೋಟೀನ್ ಕಾಣದಿದ್ದರೆ, ಇದು ಮನೆತನದಲ್ಲಿ ಬಂದ ಲಿಂಚ್ ಸಿಂಡ್ರೋಮಾ, ಅಂದರೆ ಮಕ್ಕಳಿಗೂ ದಾಟಬಹುದಾದ ಕ್ಯಾನ್ಸರ್ ಗುಣವಾ ಅಂತ ಮನೆಯವರೆಲ್ಲ ಹೆದರುತ್ತಾರೆ. ಹಲವು ಸಲ ಜೀನಿನ ಅಕ್ಷರ ಒಂದೂ ಕೆಟ್ಟಿರುವುದಿಲ್ಲ. ಅಂಗಳಕ್ಕೆ ಮೊಳೆ ಬಿದ್ದಿರುತ್ತದೆ, ಅದೂ ಆ ಗಡ್ಡೆಯಲ್ಲಿ ಮಾತ್ರ. ಮೊಳೆ ಪರೀಕ್ಷೆ ಮಾಡಿಸಿ ನೋಡಿದ ಮೇಲೆಯೇ ಮುಂದಿನ ಮಾತು. ಮಗಳಿಗೂ ಬರುತ್ತದಾ ಅಂತ ಕೇಳುವ ತಾಯಿಗೆ ಕೊಡುವ ಉತ್ತರ ಇದರ ಮೇಲೆ ನಿಂತಿದೆ.

---

ಪಿಪೆಟ್_ಹುಡುಗಿ, ದಾವಣಗೆರೆ
1:15

ಮೇಡಂ, ಥ್ಯಾಂಕ್ಸ್. ಮೊಳೆ ಮಾತು ಕೇಳಿ ನನ್ನ ತಪ್ಪು ಇನ್ನೂ ಸ್ಪಷ್ಟವಾಯಿತು. ನಾನು ಕಳಿಸಿದ ಪ್ರೋಟೀನೂ ಅಂಗಳವನ್ನೇ ಮುಚ್ಚಿಸುವ ಪೈಕಿ.

ಒಂದು ಕಾಡುತ್ತಿದೆ. ಒಂದೇ ಶಟರ್ ಅಂದರೆ ಎರಡೂ ಸಮ ಸಮ ಇರಬೇಕಲ್ಲ? ನನ್ನ ಎಣಿಕೆಯಲ್ಲಿ ಮಾಮೂಲು ಜೀವಕೋಶದಲ್ಲಿ ಎಗಿಂತ ಬಿ ಸುಮಾರು ನಾಲ್ಕು ಪಟ್ಟು ಜಾಸ್ತಿ.

---

ಸೀಮೆಸುಣ್ಣ, ಚಿತ್ರದುರ್ಗ
4:50

ಕಾಲೇಜು ಮುಗಿಯಿತು. ರೈತರು ನನ್ನ ನಾಲೆ ಒಡೆದದ್ದಕ್ಕೆ ಬೇಜಾರಿಲ್ಲ, ನಾಳೆ ಕ್ಲಾಸಿನಲ್ಲಿ ಶಟರ್ ಉದಾಹರಣೆಯನ್ನೇ ಕದಿಯುತ್ತೇನೆ.

ಸಮ ಸಮ ಯಾಕೆ ಇರಬೇಕು? ನಾಲ್ಕನೇ ಬಗೆಯ ಕೊಲಾಜನ್ ನೋಡಿ. ಜೀವಕೋಶಗಳ ಕೆಳಗೆ ಹಾಸುವ ಚಾಪೆ ಅದು. ಚಾಪೆಯ ಎಳೆಗೆ ಮೂರು ದಾರ ಬೇಕು: ಮೊದಲ ನಮೂನೆಯದು ಎರಡು, ಎರಡನೇ ನಮೂನೆಯದು ಒಂದು. ಈ ಎರಡು ನಮೂನೆಯ ಜೀನ್‌ಗಳು 13ನೇ ಕ್ರೋಮೋಸೋಮಿನಲ್ಲಿ ಬೆನ್ನಿಗೆ ಬೆನ್ನು ಕೂತಿವೆ. ನಡುವಿನ ಅಂತರ 130 ಅಕ್ಷರದ ಆಸುಪಾಸು. ಹೆಚ್ಚುಕಡಿಮೆ ಒಂದು ಉಂಡೆ ಸುತ್ತುವಷ್ಟೂ ಜಾಗ ಇಲ್ಲ! ಆದರೂ ಬೇಕಾಗಿರುವುದು ಎರಡಕ್ಕೊಂದರ ಲೆಕ್ಕ. ಅಂಗಳ ಬಾಗಿಲು ತೆರೆಯುತ್ತದೆ. ಹೆಚ್ಚು ಕಡಿಮೆ ಮಾಡುವ ತಿರುಪು ಜೀನಿನ ಒಳಗೂ ಇರುತ್ತದೆ, ದೂರದಲ್ಲೂ ಇರುತ್ತದೆ. ನಕಲು ತೆಗೆದ ಮೇಲೆ ಆ ಆರ್‌ಎನ್‌ಎ ಎಷ್ಟು ಹೊತ್ತು ಬಾಳುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ತಿದ್ದುಪಡಿ. ಜೋಡಿ ಅಂದರೆ ಯಾವಾಗಲೂ ಒಟ್ಟಿಗೇ ಅಂತ ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಬಹಳಷ್ಟು ಒಟ್ಟಿಗೇ ನಡೆಯುತ್ತವೆ ನಿಜ. ಆದರೆ ಒಂದು ಎದ್ದಾಗ ಇನ್ನೊಂದು ಮಲಗುವ ಜೋಡಿಗಳೂ ಇವೆ. ಅಲ್ಲಿ ನಮ್ಮ ರೈತರ ನಾಲೆ ಜಗಳ ಸರಿಯಾಗಿ ಹೊಂದುತ್ತದೆ.

---

ಸ್ಲೈಡ್_ಡಾಕ್ಟರ್, ದಾವಣಗೆರೆ
7:05

ಮೇಷ್ಟ್ರು ಹೇಳಿದ ಚಾಪೆಗೆ ಒಂದು ಸೇರಿಸುತ್ತೇನೆ. ಆ ಕೊಲಾಜನ್ ಮನೆತನದಲ್ಲಿ ಒಟ್ಟು ಆರು ಜೀನ್. ಮೂರು ಜೋಡಿ, ಮೂರೂ ಬೆನ್ನಿಗೆ ಬೆನ್ನು. ಐದನೆಯದು ಕೆಟ್ಟರೆ ಆಲ್ಪೋರ್ಟ್ ಕಾಯಿಲೆ: ಮೂತ್ರದಲ್ಲಿ ರಕ್ತ, ನಿಧಾನಕ್ಕೆ ಕಿಡ್ನಿ ಹೋಗುವುದು, ಕಿವಿ ಮಂದ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಿಗೆ ಜಾಸ್ತಿ ಪೆಟ್ಟು. ಕೆಲವರಲ್ಲಿ ಐದನೆಯದರ ಶುರು, ನಡುವಿನ ಅಂಗಳ, ಬೆನ್ನಿಗಿರುವ ಆರನೆಯದರ ಶುರು ಮೂರೂ ಒಟ್ಟಿಗೆ ಹಾರಿಹೋಗಿರುತ್ತವೆ. ಅಂಥವರಿಗೆ ಕಿಡ್ನಿ ತೊಂದರೆಯ ಜೊತೆ ಅನ್ನನಾಳದ ಸ್ನಾಯು ಗಡ್ಡೆ ಕಟ್ಟುತ್ತದೆ. ಮಗುವಿಗೆ ನುಂಗುವುದೇ ಕಷ್ಟ. ಒಂದು ಜೀನಿನ ಕಾಯಿಲೆ ಅಂತ ಓದಿಕೊಂಡ ಡಾಕ್ಟರಿಗೆ ಅನ್ನನಾಳಕ್ಕೂ ಕಿಡ್ನಿಗೂ ಏನು ನೆಂಟಸ್ತನ ಅಂತ ತಲೆ ಕೆಡುತ್ತದೆ.

---

ಯೀಸ್ಟ್_ಅಣ್ಣ, ಹರಿಹರ
9:25

ಈಗ ಎಲ್ಲರ ತಲೆ ಇನ್ನೊಂದು ಸುತ್ತು ಕೆಡಿಸುತ್ತೇನೆ.

2008ರಲ್ಲಿ ಕಾರ್ನೆಲ್‌ನ ಜಾನ್ ಲಿಸ್ ತಂಡ, ಎಂಐಟಿಯ ಫಿಲಿಪ್ ಶಾರ್ಪ್ ತಂಡ ಬೇರೆ ಬೇರೆ ದಾರಿಯಲ್ಲಿ ಒಂದೇ ಸಂಗತಿ ಕಂಡರು. ಹಿಂದೆ ಜೀನೇ ಇಲ್ಲದ, ಒಂದೇ ಕಡೆ ಮುಖ ಇರುವ ಪ್ರಮೋಟರ್‌ಗಳು ಸಹ ಹಿಂದಕ್ಕೂ ನಕಲು ತೆಗೆಯುತ್ತಿದ್ದವು. ಒಂದೆರಡಲ್ಲ, ನಮ್ಮ ಜೀವಕೋಶದ ಬಹಳಷ್ಟು ಚಾಲೂ ಪ್ರಮೋಟರ್‌ಗಳು. ಹಿಂದಕ್ಕೆ ಹೋದ ನಕಲು ಗಿಡ್ಡ. ಹುಟ್ಟಿದ ಕೂಡಲೇ ಸಾಯುತ್ತದೆ, ಅದಕ್ಕೇ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂದರೆ ಶಟರ್ ಎತ್ತಿದರೆ ಎರಡೂ ರಸ್ತೆಗೆ ಜನ ಹೊರಡುತ್ತಾರೆ. ಅದೇ ಮಾಮೂಲು.

ಹಾಗಾದರೆ ಪ್ರಶ್ನೆ ತಿರುಗಿತು. ಎರಡು ಕಡೆ ಯಾಕೆ ಅನ್ನುವುದಲ್ಲ, ಒಂದು ಕಡೆ ಹೋದವನು ಮಾತ್ರ ಊರು ಮುಟ್ಟುವುದು ಯಾಕೆ? 2013ರಲ್ಲಿ ಶಾರ್ಪ್ ತಂಡವೇ ಒಂದು ಉತ್ತರ ಕೊಟ್ಟಿತು. ನಕಲು ನಿಲ್ಲಿಸು ಅಂತ ಹೇಳುವ ಫಲಕ ಇದೆ, ಎಎಟಿಎಎಎ ಅನ್ನುವ ಅಕ್ಷರ ಸಾಲು. ಅದು ಎಲ್ಲೆಂದರಲ್ಲಿ ಸಿಗುತ್ತದೆ. ಜೀನಿನ ದಿಕ್ಕಿನಲ್ಲಿ ಈ ಫಲಕ ಶುರುವಿನಲ್ಲಿ ಕಡಿಮೆ, ಜೊತೆಗೆ ಯು1 ಅನ್ನುವ ಕಾವಲುಗಾರ ಕೂರುವ ಪೀಠ ಜಾಸ್ತಿ. ಯು1 ಕೂತರೆ ಫಲಕ ಇದ್ದರೂ ಗಾಡಿ ನಿಲ್ಲುವುದಿಲ್ಲ. ಹಿಂದಿನ ದಿಕ್ಕಿನಲ್ಲಿ ಲೆಕ್ಕ ಉಲ್ಟಾ: ಫಲಕ ಜಾಸ್ತಿ, ಕಾವಲುಗಾರ ಕಡಿಮೆ. ಗಾಡಿ ಸ್ವಲ್ಪ ದೂರದಲ್ಲೇ ನಿಂತು ನಕಲು ಕಸದ ಬುಟ್ಟಿಗೆ ಬೀಳುತ್ತದೆ.

ಈ ಯು1ರ ಮೂಲ ಕಸುಬು ಜೀನಿನ ನಕಲಿನಲ್ಲಿ ಬೇಡದ ತುಂಡು ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಿಡಿಯುವುದು. ಜೀನ್ ತುಂಡು ತುಂಡಾಗಿರುತ್ತದೆ ಅಂತ ಕಂಡುಹಿಡಿದದ್ದಕ್ಕೆ 1993ರಲ್ಲಿ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರು ಇದೇ ಶಾರ್ಪ್. ಇಪ್ಪತ್ತು ವರ್ಷ ಕಳೆದು ಹಳೆ ಪರಿಚಯದವನು ಹೊಸ ಜಾಗದಲ್ಲಿ ಸಿಕ್ಕ ಹಾಗಾಯಿತು. ನನಗೆ ಈ ಕತೆ ಬಹಳ ಇಷ್ಟ.

ನೊಣದ ಲ್ಯಾಬಿನ ಗೆಳೆಯರು ಬೈಯುವ ಮೊದಲು ಹೇಳಿಬಿಡುತ್ತೇನೆ: ಹಣ್ಣಿನ ನೊಣದಲ್ಲಿ ಹೀಗೆ ಹಿಂದಕ್ಕೆ ಓಡುವುದು ತೀರಾ ಕಡಿಮೆ.

---

ಕೊನೆಭಾಗದ_ರೈತ, ದಾವಣಗೆರೆ ಜಿಲ್ಲೆ
9:58

ಎಲ್ಲ ಓದಿದೆ. ಅರ್ಧ ತಿಳಿಯಿತು, ಸಾಕು. ನನ್ನದೊಂದು ಪ್ರಶ್ನೆ. 2018ರಲ್ಲಿ ಲದ್ದಿ ಹುಳು ಬಂದಾಗ ಮೆಕ್ಕೆಜೋಳದ ಸುಳಿ ಕೊರೆದು ಹೊಲ ಜರಡಿ ಮಾಡಿತ್ತು. ಆಗಿನಿಂದ ಬೀಜದ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಬೀಜದಲ್ಲಿ ಎರಡು ಜೀನ್ ಕೂರಿಸಿದ್ದಾರೆ ಅಂತ ಒಬ್ಬ ಹೇಳಿದ. ಅದು ನೀವು ಹೇಳುವ ಅಣ್ಣ ತಮ್ಮನ ಅಂಗಡಿಯಾ?

---

ಯೀಸ್ಟ್_ಅಣ್ಣ, ಹರಿಹರ
10:20

ಯಜಮಾನ್ರೇ, ಹಾಗೆ ಹೇಳಿದವನನ್ನು ನಂಬಬೇಡಿ. ನಮ್ಮ ದೇಶದಲ್ಲಿ ಜೀನ್ ಕೂರಿಸಿದ ಮೆಕ್ಕೆಜೋಳ ಬೆಳೆಯಲು ಅನುಮತಿ ಇಲ್ಲ. ನಿಮಗೆ ಸಿಗುವ ಹೈಬ್ರಿಡ್ ಅಂದರೆ ಎರಡು ತಳಿ ದಾಟಿಸಿ ತೆಗೆದ ಬೀಜ, ಅಷ್ಟೇ. 2002ರಿಂದ ರೈತರ ಹೊಲಕ್ಕೆ ಬಂದಿರುವುದು ಬಿಟಿ ಹತ್ತಿ.

ಆದರೆ ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಗಿಡಕ್ಕೆ ಎರಡು ಮೂರು ಜೀನ್ ಒಟ್ಟಿಗೆ ಹಾಕಬೇಕಾದಾಗ ಲ್ಯಾಬಿನವರಿಗೆ ಒಂದು ತಲೆನೋವು ಇದೆ. ಎಲ್ಲದಕ್ಕೂ ಒಂದೇ ಪ್ರಮೋಟರ್ ನಕಲು ಮಾಡಿ ಹಚ್ಚಿದರೆ ಗಿಡಕ್ಕೆ ಅನುಮಾನ ಬರುತ್ತದೆ. ಒಂದೇ ಸಾಲು ಮತ್ತೆ ಮತ್ತೆ ಕಂಡರೆ ವೈರಸ್ಸೋ ಏನೋ ಅಂತ ಎಲ್ಲವನ್ನೂ ಬಾಯಿ ಮುಚ್ಚಿಸಿಬಿಡುವುದುಂಟು. ಒಂದು ದ್ವಿಮುಖಿ ಅಂಗಳ ಇಟ್ಟು ಎರಡೂ ಕಡೆ ಒಂದೊಂದು ಜೀನ್ ಜೋಡಿಸಿದರೆ ಆ ಗೋಜು ಕಡಿಮೆ. ಅದಕ್ಕೆ ಹಳೆಯ ನಮೂನೆ ಸಿಕ್ಕಿದ್ದು ಒಂದು ರೋಗದ ಬ್ಯಾಕ್ಟೀರಿಯದಿಂದಲೇ. ಅಗ್ರೋಬ್ಯಾಕ್ಟೀರಿಯಂ ಗಿಡದ ಬುಡದಲ್ಲಿ ಗಂಟು ಎಬ್ಬಿಸುತ್ತದೆ. ತನ್ನ ಡಿಎನ್‌ಎ ತುಂಡನ್ನು ಗಿಡದ ಜೀನೋಮಿಗೆ ಸೇರಿಸಿ, ತನಗೆ ಬೇಕಾದ ಮ್ಯಾನೋಪೈನ್ ಅನ್ನುವ ಊಟ ಗಿಡದ ಕೈಯಲ್ಲಿ ಮಾಡಿಸಿಕೊಳ್ಳುತ್ತದೆ. ಆ ಅಡುಗೆಯ ಎರಡು ಜೀನ್‌ಗಳು ಬೆನ್ನಿಗೆ ಬೆನ್ನು. ಆ ಅಂಗಳವನ್ನು ಕತ್ತರಿಸಿ ತಂದು ಗಿಡದ ಪ್ರಯೋಗಗಳಲ್ಲಿ ಬಳಸಿದರು.

---

ಕೊನೆಭಾಗದ_ರೈತ, ದಾವಣಗೆರೆ ಜಿಲ್ಲೆ
10:26

ಪಕ್ಕಾ ಕಳ್ಳ ಬ್ಯಾಕ್ಟೀರಿಯ. ನಮ್ಮೂರಲ್ಲೂ ಇದ್ದಾರೆ ಅಂಥವರು.

---

ಪಿಪೆಟ್_ಹುಡುಗಿ, ದಾವಣಗೆರೆ
10:45

ನಾಳೆ ಬೆಳಿಗ್ಗೆ ರೈಲು. ಅಣ್ಣ, ಕೊನೆಯ ಪ್ರಶ್ನೆಗೆ ಉತ್ತರ ಬಾಕಿ. ಎಂಟು ತಿಂಗಳು ಉಳಿಸಲು ಏನು ಮಾಡಲಿ? ನಮ್ಮ ಗೈಡ್, ಪೇಪರ್ ಬರೆಯಲು ಶುರು ಮಾಡು, ಬಿ ವಿಷಯ ಕೊನೆಯಲ್ಲಿ ಒಂದು ಸಾಲು ಹಾಕಿದರೆ ಆಯಿತು ಅಂದಿದ್ದಾರೆ.

---

ಯೀಸ್ಟ್_ಅಣ್ಣ, ಹರಿಹರ
11:02

ಒಂದು ಸಾಲು ಸಾಲದು ತಂಗಿ. ಓದುವವರು ಮೊದಲು ಕೇಳುವುದೇ ಅದನ್ನು.

ಶಟರ್ ಮುಟ್ಟದೆ ಒಬ್ಬರ ವ್ಯಾಪಾರ ಮಾತ್ರ ನಿಲ್ಲಿಸಬೇಕು. ಅದಕ್ಕೆ ನಕಲು ಹೊರಬಂದ ಮೇಲೆ ಹಿಡಿಯಬೇಕು. ಸಣ್ಣ ಆರ್‌ಎನ್‌ಎ ತುಂಡು ಕೊಟ್ಟರೆ ಎಯ ನಕಲನ್ನು ಮಾತ್ರ ಹುಡುಕಿ ಕತ್ತರಿಸುತ್ತದೆ, ಅಂಗಳಕ್ಕೆ ಏನೂ ಆಗುವುದಿಲ್ಲ. ಬಿಗೆ ಬೇರೆ ತುಂಡು. ಇಲ್ಲವಾದರೆ ಹಲ್ಲಿರುವ ಕ್ರಿಸ್ಪರ್ ತೆಗೆದುಕೊಂಡು ಪ್ರಮೋಟರ್ ಬಿಟ್ಟು, ಜೀನಿನ ಒಳಗೆ ಪ್ರೋಟೀನ್ ಬರೆದಿರುವ ಜಾಗದಲ್ಲಿ ಕತ್ತರಿಸು.

ಇವೆರಡಕ್ಕಿಂತ ಗಟ್ಟಿ ಸಾಕ್ಷಿ ವಾಪಸ್ ಕೊಡುವುದು. ಈಗಿನ ಹಾಗೆ ಎರಡೂ ಆರಿಸಿ ಇಡು. ಬೇರೆ ಪ್ರಮೋಟರ್ ಹಚ್ಚಿದ ಎ ಮಾತ್ರ ಹೊರಗಿನಿಂದ ಕೊಡು. ಇನ್ನೊಂದು ತಟ್ಟೆಗೆ ಬಿ ಮಾತ್ರ. ಮೂರನೆಯದಕ್ಕೆ ಎರಡೂ. ಯಾವ ತಟ್ಟೆಯಲ್ಲಿ ಜೀವಕೋಶ ಮತ್ತೆ ಬೆಳೆಯುತ್ತದೆ ನೋಡು. ಗೈಡ್ ಹತ್ತಿರ ಜಗಳ ಆಡಬೇಡ. ಸುಮ್ನೆ ಒಂದು ತಟ್ಟೆ ಹಾಕಿ ಫೋಟೋ ತೋರಿಸು.

---

ಸ್ಲೈಡ್_ಡಾಕ್ಟರ್, ದಾವಣಗೆರೆ
11:10

ಹೋಗುವಾಗ ಮಂಡಕ್ಕಿ ಕಟ್ಟಿಸಿಕೊಂಡು ಹೋಗಮ್ಮ. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯಲೇಬೇಕು.

---

ಪಿಪೆಟ್_ಹುಡುಗಿ
ಏಳು ವಾರದ ನಂತರ, ಶನಿವಾರ ರಾತ್ರಿ 8:30

ಎಲ್ಲರಿಗೂ ನಮಸ್ಕಾರ. ಮರೆತಿಲ್ಲ.

ಮೂರು ತಟ್ಟೆ ಹಾಕಿದೆ. ಮೂರು ಸಲ ಹಾಕಿದೆ, ಒಂದೇ ಸಲಕ್ಕೆ ನಂಬಿಕೆ ಬರಲಿಲ್ಲ. ಎ ವಾಪಸ್ ಕೊಟ್ಟ ತಟ್ಟೆಯಲ್ಲಿ ಏನೂ ಆಗಲಿಲ್ಲ, ಜೀವಕೋಶ ಹಾಗೇ ನಿಂತಿತ್ತು. ಬಿ ಕೊಟ್ಟ ತಟ್ಟೆ ಐದನೇ ದಿನಕ್ಕೆ ತುಂಬಿಹೋಯಿತು. ಎರಡೂ ಕೊಟ್ಟಿದ್ದಕ್ಕೂ ಬಿ ಒಂದೇ ಕೊಟ್ಟಿದ್ದಕ್ಕೂ ವ್ಯತ್ಯಾಸ ಇಲ್ಲ. ಸಣ್ಣ ಆರ್‌ಎನ್‌ಎಯಲ್ಲೂ ಅದೇ ಉತ್ತರ.

ಎಂಟು ತಿಂಗಳು ನಾನು ಎ ಅಂತ ಬರೆದದ್ದೆಲ್ಲ ಬಿ.

ಗೈಡ್ ಫೋಟೋ ನೋಡಿ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಬಿ ಬಗ್ಗೆ ಯಾರಾದರೂ ಬರೆದಿದ್ದಾರಾ ಹುಡುಕು ಅಂದರು. ಹುಡುಕಿದೆ. ಹೆಚ್ಚೇನೂ ಇಲ್ಲ.

---

ಕೊನೆಭಾಗದ_ರೈತ, ದಾವಣಗೆರೆ ಜಿಲ್ಲೆ
8:44

ಅಂದರೆ ನೀರು ಹಾಯಿಸಿದ್ದೆಲ್ಲ ಪಕ್ಕದವನ ಗದ್ದೆಗೆ ಹೋಗಿತ್ತು. ಬೆಳೆ ಅಲ್ಲಿ ಬಂದಿದೆ. ಹೋಗಿ ಕೊಯ್ಯಮ್ಮ.

---

ಪಿಪೆಟ್_ಹುಡುಗಿ
8:47

ಕೊಯ್ಯುತ್ತೇನೆ ಯಜಮಾನ್ರೇ. ಅದಕ್ಕೂ ಮೊದಲು ಥೀಸಿಸ್ ಶೀರ್ಷಿಕೆ ಬದಲಿಸಲು ಅರ್ಜಿ ಕೊಡಬೇಕಂತೆ, ಮೂರು ಪ್ರತಿ, ಮೂರರಲ್ಲೂ ಸಹಿ. ಸೋಮವಾರ ಅದೇ ಕೆಲಸ. ನಿಮಗೆ ಈ ಸಲ ನೀರು ಬಂತಾ?